ಸೀಮೆಸುಣ್ಣದ ಗೆರೆ

ಮಾವನ ಕಾರಿನ ಟಾಪ್ ಕತ್ತರಿಸಿ ಹಾಕೋಣ ಅಂತ ಐಡಿಯಾ ಕೊಟ್ಟವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ.

ಕಾರು 1970ರ ಸ್ಟ್ಯಾಂಡರ್ಡ್ ಹೆರಾಲ್ಡ್. ನಾಲ್ಕು ಬಾಗಿಲಿನದು. ಎಂವೈ ಅಂತ ಶುರುವಾಗುವ ಹಳೇ ಮೈಸೂರು ರಾಜ್ಯದ ನಂಬರು. ತಾತ ಕೊಂಡಿದ್ದು. ತಾತ ಹೋದ ಮೇಲೆ ಸೋದರಮಾವ ಒಂದಷ್ಟು ವರ್ಷ ಓಡಿಸಿದರು. ಆಮೇಲೆ ಮನೆಗೆ ಮಾರುತಿ ಬಂತು. ಹೆರಾಲ್ಡ್ ಅರಸೀಕೆರೆ ಹತ್ತಿರದ ತೋಟದ ಮನೆಯಲ್ಲಿ, ಕೊಬ್ಬರಿ ಅಟ್ಟದ ಕೆಳಗೆ ನಿಂತಿತು. ನಿಂತಿದ್ದು ನಿಂತೇಬಿಟ್ಟಿತು. ಬಾನೆಟ್ ಮೇಲೆ ಕೋಳಿ ಮಲಗುತ್ತಿದ್ದವು. ಬೇಸಿಗೆ ರಜೆಗೆ ಹೋದಾಗ ನಾವು ಮೊಮ್ಮಕ್ಕಳು ಒಳಗೆ ಕೂತು ಬಸ್ಸಾಟ ಆಡುತ್ತಿದ್ದೆವು. ಯಾವತ್ತೂ ನಾನೇ ಡ್ರೈವರ್.

ಆದರೆ ಹಳೇ ಕಾರಿನ ಹುಚ್ಚು ಹಿಡಿದಿದ್ದು ಇದರಿಂದಲ್ಲ. ಧರ್ಮಸ್ಥಳದಲ್ಲಿ ದರ್ಶನ ಮುಗಿಸಿ ಅಪ್ಪ ಅಲ್ಲಿನ ಕಾರು ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದರು. ಟಾಪ್ ಮಡಚಿ ಹಿಂದಕ್ಕೆ ಹಾಕುವ ಕಾರುಗಳ ಮುಂದೆ ನಾನು ಕಂಬದ ಹಾಗೆ ನಿಂತುಬಿಟ್ಟಿದ್ದೆನಂತೆ. ಅಮ್ಮ ಎರಡು ಸಲ ಬಂದು ಕೈ ಹಿಡಿದು ಎಳೆದರಂತೆ. ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಲೆಕ್ಕ. ಟಾಪ್ ಇಲ್ಲದ್ದು ಕಾರು, ಟಾಪ್ ಇರುವುದೆಲ್ಲ ಡಬ್ಬ.

ಹೆರಾಲ್ಡ್ ವಿಷಯ ಓದುತ್ತಾ ಹೋದಾಗ ನನ್ನ ಹುಚ್ಚಿಗೆ ಒಳ್ಳೇ ಆಧಾರವೇ ಸಿಕ್ಕಿತು. 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕಾರುಗಳು ಚಾಸಿ, ಅಂದರೆ ಅಡಿಯ ಚೌಕಟ್ಟು ಬಿಟ್ಟು, ಬಾಡಿಯೇ ಎಲ್ಲ ಭಾರ ಹೊರುವ ಪದ್ಧತಿಗೆ ಹೋಗುತ್ತಿದ್ದವು. ಹೆರಾಲ್ಡ್‌ನ ಮೂಲ ಕಂಪನಿಯಾದ ಅಲ್ಲಿನ ಸ್ಟ್ಯಾಂಡರ್ಡ್ ಟ್ರಯಂಫ್‌ಗೆ ಬಾಡಿ ಮಾಡಿಕೊಡುತ್ತಿದ್ದ ಕಾರ್ಖಾನೆಯನ್ನು ಎದುರಾಳಿ ಕಂಪನಿ ಕೊಂಡುಬಿಟ್ಟಿತು. ಹೊಸ ಕಾರಿಗೆ ಬಾಡಿ ಸಿಗುವ ಹಾಗಿರಲಿಲ್ಲ. ಅದಕ್ಕೇ ಇವರು ಹಳೇ ದಾರಿಗೆ ಮರಳಿದರು. ಕೆಳಗೆ ಬೇರೆಯೇ ಚಾಸಿ, ಮೇಲೆ ತುಂಡು ತುಂಡಾಗಿ ಮಾಡಿಸಿ ಬೋಲ್ಟ್ ಹಾಕಿದ ಬಾಡಿ. ಆಕಾರ ಬರೆದುಕೊಟ್ಟವರು ಇಟಲಿಯ ಜಿಯೋವಾನಿ ಮಿಕೆಲೊಟ್ಟಿ. 1959ರಲ್ಲಿ ಕಾರು ಬಂತು.

ಕಷ್ಟಕ್ಕೆ ಮಾಡಿಕೊಂಡ ಈ ಏರ್ಪಾಟಿನಿಂದ ಒಂದು ಮಜಾ ಆಯಿತು. ಒಂದೇ ಚಾಸಿ ಮೇಲೆ ಯಾವ ವೇಷ ಬೇಕಾದರೂ ಹಾಕಬಹುದು. ಗಟ್ಟಿ ಟಾಪಿನ ಮಾಮೂಲಿ ಸಲೂನ್, ಮೋಟು ಟಾಪಿನ ಕೂಪೆ, ಟಾಪ್ ಮಡಚುವ ಕನ್ವರ್ಟಿಬಲ್, ಸಾಮಾನು ತುಂಬಲು ಎಸ್ಟೇಟ್, ಕೊನೆಗೆ ವ್ಯಾನ್ ಕೂಡ. ಕೂಪೆ ಅಂದರೆ ನಮಗೆ ಮೊದಲು ನೆನಪಾಗುವುದು ರೈಲಿನ ಫಸ್ಟ್ ಕ್ಲಾಸಿನ ಇಬ್ಬರ ಕೋಣೆ. ಪದ ಅದೇ. ಫ್ರೆಂಚ್‌ನಲ್ಲಿ ಕತ್ತರಿಸಿದ್ದು ಅಂತ ಅರ್ಥ. ಇಂಗ್ಲೆಂಡಿನ ಎರಡು ಬಾಗಿಲಿನ ಸಲೂನ್ ಹೆರಾಲ್ಡ್‌ನ ಟಾಪನ್ನು ಬೋಲ್ಟ್ ಬಿಚ್ಚಿ ಎತ್ತಿಡಬಹುದಿತ್ತು. ಎಷ್ಟೋ ಜನ ಹಾಗೆ ಮಾಡಿಯೂ ಮಾಡಿದ್ದಾರೆ.

ಅಲ್ಲಿ ಎತ್ತಿಡಬಹುದಾದರೆ ಇಲ್ಲಿ ಯಾಕೆ ಆಗಬಾರದು? ಇದು ನನ್ನ ವಾದ.

ಮಾವ ಮೂರು ವಾರ ಅರಸೀಕೆರೆಯ ಮೆಕ್ಯಾನಿಕ್ ಒಬ್ಬನನ್ನು ತೋಟದಲ್ಲೇ ಇಟ್ಟುಕೊಂಡು ಬ್ರೇಕು, ಟೈರು, ಬ್ಯಾಟರಿ ಎಲ್ಲ ಮಾಡಿಸಿದ್ದರು. ಕಾಗದಪತ್ರವೂ ಸರಿಮಾಡಿಸಿದ್ದರು. ಬಾಡಿ ಕೆಲಸಕ್ಕೆ ಮೈಸೂರಿನ ಒಬ್ಬ ಟಿಂಕರಿಂಗ್ ಮೇಸ್ತ್ರಿ ಹತ್ತಿರ ಬಿಡುವುದು ಅಂತ ಮಾತಾಗಿತ್ತು. ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಮಾವ, ಅಪ್ಪ, ನಾನು ಹೊರಟೆವು. ಹೊರಡುವ ಮೊದಲು ನಾನು ಅಕ್ಕನ ಮಗಳ ಸೀಮೆಸುಣ್ಣ ತಂದು ಟಾಪ್ ಸುತ್ತ ಗೆರೆ ಎಳೆದೆ. ಎಲ್ಲಿ ಕತ್ತರಿಸಬೇಕು ಅಂತ ಮೇಸ್ತ್ರಿಗೆ ತೋರಿಸೋಕೆ. ಮಾವ ಎಲೆ ಅಡಿಕೆ ಹಾಕಿಕೊಳ್ಳುತ್ತಾ ನೋಡಿದರು. ಏನೂ ಅನ್ನಲಿಲ್ಲ.

ತೋಟದ ಗೇಟಿನ ಮುಂದೆ ಬಲಕ್ಕೆ ಕಲ್ಲಿನ ಕಟ್ಟೆ, ಎಡಕ್ಕೆ ಕಾಲುವೆ. ನನ್ನ ಈಗಿನ ಕಾರನ್ನು ಅಲ್ಲಿ ತಿರುಗಿಸಬೇಕಾದರೆ ಮೂರು ಸಲ ಹಿಂದೆ ಮುಂದೆ ಮಾಡಬೇಕು. ಮಾವ ಸ್ಟೇರಿಂಗ್ ಪೂರ್ತಿ ತಿರುಗಿಸಿದರು. ಕಾರು ಗಾಣದೆತ್ತಿನ ಹಾಗೆ ನಿಂತಲ್ಲೇ ತಿರುಗಿತು. ಹೆರಾಲ್ಡ್‌ಗೆ ಒಂದು ಸುತ್ತು ತಿರುಗಲು 25 ಅಡಿ ಅಗಲ ಸಾಕು ಅಂತ ಓದಿದ್ದೆ. ಕಣ್ಣಾರೆ ಕಂಡಿದ್ದು ಅವತ್ತೇ.

ಅಪ್ಪ ಹಿಂದಿನ ಸೀಟಿನಲ್ಲಿ ಕೂತು ಶುರು ಹಚ್ಚಿಕೊಂಡರು. ಅವರದು ಮೊದಲಿಂದ ಫಿಯಟ್ ಪಾರ್ಟಿ. ಫಿಯಟ್ಟೇ ಇಲ್ಲಿ ಹೆಸರು ಬದಲಿಸಿಕೊಂಡ ಪ್ರೀಮಿಯರ್ ಪದ್ಮಿನಿ, 1978ರದ್ದು, ಇಟ್ಟುಕೊಂಡಿದ್ದರು.

"ಏನೇ ಹೇಳಯ್ಯ, ಮುಂದುಗಡೆ ಉದ್ದಕ್ಕೆ ಸೋಫಾ ತರ ಸೀಟು, ಗೇರು ಸ್ಟೇರಿಂಗ್ ಪಕ್ಕದಲ್ಲಿ. ಮುಂದೇನೇ ಮೂರು ಜನ. ನಿನ್ನ ಕಾರಲ್ಲಿ ಮಧ್ಯ ಗೇರು ನೆಟ್ಟಗೆ ನಿಂತಿರತ್ತೆ, ಯಾರು ಕೂರಬೇಕು?"

"ಭಾವ, ನಿಮ್ಮ ಫಿಯಟ್ ಹಿಂದೆ ಎರಡು ಕೊಂಬು ಇತ್ತಲ್ಲ, ಅದು ಯಾತಕ್ಕೆ?" ಅಂದರು ಮಾವ.

"ಕೊಂಬಲ್ಲ ಕಣೋ, ಅದು ಸ್ಟೈಲು."

ಅಪ್ಪ ಹೇಳಿದ್ದು ನಿಜ. ಆ ಚೂಪಿಗೆ ಸ್ಟೈಲ್ ಬಿಟ್ಟು ಬೇರೆ ಯಾವ ಕೆಲಸವೂ ಇಲ್ಲ. ಅದರ ಮೂಲ ಅಮೆರಿಕದಲ್ಲಿದೆ. ಜನರಲ್ ಮೋಟರ್ಸ್‌ನ ವಿನ್ಯಾಸಗಾರರು ಪಿ-38 ಅನ್ನುವ ಯುದ್ಧವಿಮಾನದ ಬಾಲ ನೋಡಿ ಮರುಳಾಗಿ, 1948ರ ಕ್ಯಾಡಿಲಾಕ್ ಹಿಂಭಾಗದಲ್ಲಿ ಸಣ್ಣ ರೆಕ್ಕೆ ಎಬ್ಬಿಸಿದರು. ಎಲ್ಲರಿಗೂ ಅದೇ ಬೇಕಾಯಿತು. 1959ರ ಕ್ಯಾಡಿಲಾಕ್ ಹೊತ್ತಿಗೆ ರೆಕ್ಕೆ ಎಷ್ಟು ದೊಡ್ಡದಾಯಿತೆಂದರೆ, ಅದಕ್ಕಿಂತ ಮೇಲೆ ಹೋಗಲು ಜಾಗವೇ ಇರಲಿಲ್ಲ. ಇಟಲಿಗೆ ಹೋಗಿ, ಅಲ್ಲಿಂದ ಬೊಂಬಾಯಿಯ ಕುರ್ಲಾ ಕಾರ್ಖಾನೆಗೆ ಬರುವಷ್ಟರಲ್ಲಿ ಅದು ಸವೆದು ಸವೆದು ಒಂದು ಏಣು ಮಾತ್ರ ಉಳಿದಿತ್ತು. ಅಮೆರಿಕದಲ್ಲಿ ಆ ಫ್ಯಾಷನ್ ಹೋಗಿ ಎಷ್ಟೋ ಕಾಲವಾದ ಮೇಲೂ ನಮ್ಮ ಅಪ್ಪ ಪ್ರತಿ ಆಯುಧಪೂಜೆಗೆ ಆ ಚೂಪಿಗೆ ಕುಂಕುಮ ಹಚ್ಚುತ್ತಿದ್ದರು.

ಚನ್ನರಾಯಪಟ್ಟಣದಲ್ಲಿ ಇಡ್ಲಿ ತಿಂದೆವು. ಹೋಟೆಲ್ ಮುಂದೆ ಸುಮಾರು ಎಪ್ಪತ್ತರ ಯಜಮಾನರೊಬ್ಬರು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದರು. "ಅಂಬಾಸಿಡರ್ ಮುಂದೆ ಯಾವುದೂ ಇಲ್ಲ ಬಿಡಿ" ಅಂದರು, ಯಾರೂ ಕೇಳದೇ ಇದ್ದರೂ. ಅವರ ಮದುವೆ ದಿಬ್ಬಣ ಅದರಲ್ಲೇ ಹೋಗಿದ್ದಂತೆ. ಒಳಗೆ ಒಂಬತ್ತು ಜನ, ಮಡಿಲಲ್ಲಿ ಇಬ್ಬರು ಮಕ್ಕಳು. ಅಂಬಾಸಿಡರ್ ಪ್ರಿಯರ ಜೊತೆ ವಾದ ಮಾಡಿ ಪ್ರಯೋಜನವಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಅದಕ್ಕೆ ಬಂದ ಆ ಗುಂಡಗಿನ ಮೈ ಐವತ್ತರ ದಶಕದ ಕೊನೆಯಿಂದ 2014ರವರೆಗೆ ಹೆಚ್ಚುಕಡಿಮೆ ಹಾಗೇ ಉಳಿಯಿತು. ಟೋಪಿ, ಪೇಟ ಯಾವುದಿದ್ದರೂ ತೆಗೆಯದೆ ಕೂರಬಹುದಾದ ಎತ್ತರ. ಅವರಿಗೆ ಚಂದ ಅಂದರೆ ಅದೇ.

ಮುಂದಿನ ದಾರಿಯಲ್ಲಿ ಮಾವ ಅಜ್ಜಿಯ ಕಥೆ ಹೇಳಿದರು. ತಾತನ ಸ್ನೇಹಿತರೊಬ್ಬರ ಹತ್ತಿರ 1950ರ ದಶಕದ ಫಿಯಟ್ 1100 ಇತ್ತಂತೆ. ಬೊಂಬಾಯಿಯವರು ಡುಕ್ಕರ್ ಅಂತ, ಅಂದರೆ ಹಂದಿ ಅಂತ ಹೆಸರಿಟ್ಟ ಮಾಡೆಲ್ಲು. ಅದರ ಮುಂದಿನ ಬಾಗಿಲು ಉಲ್ಟಾ. ಕೀಲು ಹಿಂದುಗಡೆ, ತೆರೆಯುವುದು ಮುಂದುಗಡೆಯಿಂದ. ಓಡುವಾಗ ಚಿಲಕ ಜಾರಿದರೆ ಗಾಳಿಯೇ ಬಾಗಿಲನ್ನು ಕಿತ್ತು ತೆಗೆಯುತ್ತದೆ. ಇಂಗ್ಲಿಷಿನವರು ಇದಕ್ಕೆ ಆತ್ಮಹತ್ಯೆ ಬಾಗಿಲು ಅಂತಲೇ ಹೆಸರಿಟ್ಟಿದ್ದಾರೆ. ಅಜ್ಜಿಗೆ ಮಾತ್ರ ಅದೇ ಇಷ್ಟ.

"ಯಾಕೆ ಗೊತ್ತಾ? ಒಂಬತ್ತು ಗಜದ ಸೀರೆ. ಆ ಕಾರಿಂದ ಇಳಿಯೋದು ಅಂದ್ರೆ ಕುರ್ಚಿಯಿಂದ ಏಳೋ ಹಾಗೆ. ಕಾಲು ಹೊರಗಿಡು, ಎದ್ದು ನಿಲ್ಲು, ಅಷ್ಟೇ. ಹೆರಾಲ್ಡ್ ತರೋವಾಗ ತಾತ ಮೊದಲು ನೋಡಿದ್ದು ಎರಡು ಬಾಗಿಲಿಂದು. ಮುಂದಿನ ಸೀಟು ಮಡಚಿ ಹಿಂದೆ ಹತ್ತಬೇಕು. ಅಜ್ಜಿ ಹೇಳಿಬಿಟ್ಟಳು, ನಾನೇನು ಕೋಳೀನಾ, ಗೂಡೊಳಗೆ ಬಗ್ಗಿ ಹೋಗೋಕೆ? ಅದಕ್ಕೇ ನಾಲ್ಕು ಬಾಗಿಲಿಂದು ಬಂತು."

ಈ ನಾಲ್ಕು ಬಾಗಿಲಿನ ಹೆರಾಲ್ಡ್ ಇಂಗ್ಲೆಂಡಿನಲ್ಲಿ ಇರಲೇ ಇಲ್ಲ. ಅದು ಮದ್ರಾಸಿನ ಕಾರ್ಖಾನೆಯವರು ನಮ್ಮ ಸಂಸಾರಗಳಿಗಾಗಿ 1968ರಲ್ಲಿ ಮಾಡಿದ ವೇಷ. ಅಲ್ಲಿನ ಬೋಲ್ಟಿನ ಲೆಕ್ಕ ಇದಕ್ಕೆ ಹೊಂದಲೇಬೇಕು ಅಂತಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಟಾಪ್ ಮೇಲೆ ಗೆರೆ ಎಳೆದಿದ್ದೆ.

ಕಿಕ್ಕೇರಿ ಇನ್ನೂ ಸ್ವಲ್ಪ ದೂರ ಇರುವಾಗ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಗಂಟೆ ಹನ್ನೆರಡು ದಾಟಿತ್ತು. ನೆರಳು ಅಂತ ಒಂದೇ ಒಂದು ಜಾಲಿ ಮರ. ಕಬ್ಬಿನ ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಅಪ್ಪ ಫೋನ್ ತೆಗೆದು ಯಾರನ್ನು ಕರೆಯೋಣ ಅಂತ ನೋಡತೊಡಗಿದರು.

ಮಾವ ಇಳಿದು ಎರಡೂ ಪಕ್ಕದ ಚಿಲಕ ಬಿಡಿಸಿದರು. ಆಮೇಲೆ ಮುಂದಿನ ಇಡೀ ಭಾಗವನ್ನು, ಬಾನೆಟ್ಟು, ಮಡ್‌ಗಾರ್ಡು, ಹೆಡ್‌ಲೈಟು ಎಲ್ಲ ಸೇರಿಸಿ, ಒಟ್ಟಿಗೆ ಮುಂದಕ್ಕೆ ಮಗುಚಿದರು. ಕಾರಿನ ಎಂಜಿನ್ನು, ಮುಂದಿನ ಎರಡು ಚಕ್ರ, ಅದರ ಕೈಕಾಲು ಎಲ್ಲ ಬಟಾಬಯಲು. ಪಕ್ಕದ ಗದ್ದೆಯಿಂದ ಮೂವರು ಹುಡುಗರು ಓಡಿ ಬಂದರು. "ಲೋ, ಮೊಸಳೆ ಬಾಯಿ ತೆಗ್ದಂಗೆ ಐತಲ್ಲೋ!"

ಮಾವ ಟವೆಲ್ ಹಾಸಿ ಬಲಗಡೆ ಟೈರಿನ ಮೇಲೆ ಕೂತರು. ಮಣೆ ಮೇಲೆ ಕೂತ ಹಾಗೆ. ನನಗೆ ಎಡಗಡೆ ಟೈರು ತೋರಿಸಿದರು. ಕೂತೆ. ನಮ್ಮಿಬ್ಬರ ಮಧ್ಯ ಎಂಜಿನ್. ಸಾವಿರ ಸಿಸಿ ಕೂಡ ಇಲ್ಲದ ಆ ಪುಟ್ಟ ಎಂಜಿನ್ನಿನ ಯಾವ ನಟ್ಟಿಗೆ ಬೇಕಾದರೂ ಬಗ್ಗದೆ, ತಡಕಾಡದೆ ಕೈ ಹೋಗುತ್ತಿತ್ತು. ನನ್ನ ಕಾರಿನ ಬಾನೆಟ್ ಎತ್ತಿದರೆ ಒಂದು ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ. ಅದರ ಕೆಳಗೆ ಏನಿದೆ ಅಂತ ಇಷ್ಟು ವರ್ಷದಲ್ಲಿ ನಾನು ನೋಡಿಲ್ಲ.

ಟ್ಯಾಂಕಿನ ತಳದ ತುಕ್ಕು ಪೆಟ್ರೋಲ್ ಜೊತೆ ಬಂದು ಕಾರ್ಬೊರೇಟರ್ ಜೆಟ್ಟಿಗೆ ಸಿಕ್ಕಿಕೊಂಡಿತ್ತು. ಮಾವ ಜೆಟ್ ಬಿಚ್ಚಿ ಬಾಯಿಂದ ಊದಿದರು. ಬಿಸಿಲಿಗೆ ಹಿಡಿದು ನೋಡಿದರು. ಮತ್ತೆ ಊದಿದರು. ನನ್ನ ಕೈಗೂ ಕೊಟ್ಟರು. ಸೂಜಿ ತೂತಿನಷ್ಟು ಸಣ್ಣ ಕಿಂಡಿಯಲ್ಲಿ ಆಕಾಶ ಕಾಣುತ್ತಿತ್ತು. ಧರ್ಮಸ್ಥಳದಲ್ಲಿ ನಿಂತು ನಾನು ಆಸೆಪಟ್ಟ ಬಯಲು ಕಾರು ಇದೇ, ಆದರೆ ತೆರೆದುಕೊಳ್ಳುವುದು ಇನ್ನೊಂದು ತುದಿಯಲ್ಲಿ ಅಂತ ಅನ್ನಿಸಿತು. ಅನ್ನಿಸಿದ್ದನ್ನು ಹೇಳಲಿಲ್ಲ. ನನ್ನ ನೆತ್ತಿ ಸುಡುತ್ತಿತ್ತು. ಕೂದಲು ಹೋಗಿ ಹತ್ತು ವರ್ಷ ಆಯಿತು.

"ಬಿಸಿಲು ಜಾಸ್ತಿನಾ?" ಅಂದರು ಮಾವ, ತಲೆ ಎತ್ತದೆ. "ಟಾಪ್ ಇಲ್ದೇ ಇರೋ ಗಾಡಿ ಬೇಕು ಅಂದ್ರೆ ತೋಟದಲ್ಲಿ ಟ್ರ್ಯಾಕ್ಟರ್ ಇದೆಯಲ್ಲೋ."

ಅಪ್ಪ ಜಾಲಿ ಮರದ ಕೆಳಗೆ ನಿಂತು ಫೋನಿನಲ್ಲಿ ಏನೋ ಓದುತ್ತಿದ್ದರು. ರಿಟೈರ್ ಆದ ಮೇಲೆ ಸರ್ಕಾರಿ ಆದೇಶ ಓದುವುದು ಅವರಿಗೆ ಹವ್ಯಾಸ. "ಇಲ್ಲಿ ಕೇಳ್ರಯ್ಯ" ಅಂತ ಶುರು ಮಾಡಿದರು. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ಅಂತ ಮಾನ್ಯತೆ ಸಿಗುತ್ತದೆ. ಹಳೇ ನಂಬರು ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಯಿಸಿದ್ದರೆ ಆಗುವುದಿಲ್ಲ. ಓದಿ ಮುಗಿಸಿ ಕನ್ನಡಕದ ಮೇಲಿಂದ ನನ್ನ ಗೆರೆಯ ಕಡೆ ನೋಡಿದರು.

ಎರಡನೇ ಸೆಲ್ಫ್‌ಗೆ ಎಂಜಿನ್ ಹತ್ತಿಕೊಂಡಿತು. ಹುಡುಗರು ಚಪ್ಪಾಳೆ ಹೊಡೆದರು. ಮಾವ ಮೂತಿಯನ್ನು ಹಾಗೇ ಹಿಂದಕ್ಕೆ ಮಗುಚಿ ಚಿಲಕ ಹಾಕಿದರು. ಕೆ.ಆರ್. ಪೇಟೆವರೆಗೂ ನನಗೆ ಓಡಿಸಲು ಕೊಟ್ಟರು. ಟಾಪನ್ನು ಹಿಡಿದಿರುವ ಕಂಬಗಳು ಎಷ್ಟು ತೆಳ್ಳಗಿವೆ ಅಂತ ಆಗ ಗೊತ್ತಾಯಿತು. ನಾಲ್ಕೂ ಕಡೆ ಗಾಜು, ಯಾವ ಮೂಲೆಯೂ ಮರೆಯಾಗುವುದಿಲ್ಲ. ಎದುರಿಗೆ ಎರಡೂ ಹೆಡ್‌ಲೈಟಿನ ಉಬ್ಬು ಕಾಣುತ್ತಿತ್ತು, ಎತ್ತಿನಗಾಡಿಯಲ್ಲಿ ಕೂತರೆ ಎತ್ತಿನ ಭುಜ ಕಾಣುವ ಹಾಗೆ. ಪಾಂಡವಪುರ, ಶ್ರೀರಂಗಪಟ್ಟಣ ದಾಟುವಾಗ ಯಾರೂ ಜಾಸ್ತಿ ಮಾತಾಡಲಿಲ್ಲ. ಅಪ್ಪ ಹಿಂದೆ ಬಾಯಿ ತೆರೆದು ನಿದ್ದೆ ಹೋಗಿದ್ದರು. ಫಿಯಟ್ ಪಾರ್ಟಿಯವರಿಗೆ ಹೆರಾಲ್ಡ್ ಸೀಟಿನಲ್ಲಿ ಒಳ್ಳೇ ನಿದ್ದೆ ಬಂದಿತ್ತು.

ಮೈಸೂರು ತಲುಪಿದಾಗ ಮೂರೂವರೆ. ಮೇಸ್ತ್ರಿ ಶೆಡ್ಡಿನ ಮುಂದೆ ಸ್ಟೂಲ್ ಹಾಕಿಕೊಂಡು ಟೀ ಕುಡಿಯುತ್ತಿದ್ದರು. ಎದ್ದು ಬಂದು ಕಾರಿನ ಮೈ ಮೇಲೆಲ್ಲ ಬೆರಳಿನಿಂದ ಬಡಿಯುತ್ತಾ ಹೋದರು, ಹಲಸಿನಹಣ್ಣು ನೋಡುವ ಹಾಗೆ. ಟಣ್ ಅಂದ ಕಡೆ ತಗಡು, ಡಬ್ ಅಂದ ಕಡೆ ಪುಟ್ಟಿ. "ಡಿಕ್ಕಿ ತಳ ಹೋಗಿದೆ, ಬೇರೆ ಶೀಟ್ ಹಾಕ್ಬೇಕು" ಅಂದರು. ಡಿಕ್ಕಿ ಅನ್ನುವ ಮಾತಿಗೂ ಒಂದು ಕಾರಿನ ಆಕಾರವೇ ಮೂಲ. ಹಿಂದಿನ ಕಾಲದಲ್ಲಿ ಇಬ್ಬರೇ ಕೂರುವ ಕಾರುಗಳ ಬೆನ್ನಿನಲ್ಲಿ ಮುಚ್ಚಳ ಎತ್ತಿದರೆ ಇನ್ನೊಂದು ಸೀಟು ಬಿಚ್ಚಿಕೊಳ್ಳುತ್ತಿತ್ತು. ಅದು ಡಿಕ್ಕಿ ಸೀಟು. ಸೀಟು ಹೋಯಿತು, ನಮ್ಮಲ್ಲಿ ಹೆಸರು ಉಳಿಯಿತು. ಕನ್ನಡದಲ್ಲಿ ಡಿಕ್ಕಿ ಹೊಡೆದರೂ ಡಿಕ್ಕಿ ಹೋಗುತ್ತದೆ ಅನ್ನುವುದು ಬೇರೆ ಮಾತು.

ಮೇಸ್ತ್ರಿ ಟಾಪ್ ಹತ್ತಿರ ಬಂದು ನಿಂತರು. ಅಷ್ಟು ಧೂಳಿನಲ್ಲೂ ಗೆರೆ ಸ್ಪಷ್ಟವಾಗಿತ್ತು.

"ಏನ್ ಸಾರ್ ಇದು?"

ನಾನು ಬಾಯಿ ತೆರೆಯುವ ಮೊದಲೇ ಮಾವ ಟವೆಲ್ಲಿನಿಂದ ಒಂದು ಮೂಲೆ ಒರೆಸಿದರು.

"ಮನೇಲಿ ಹುಡುಗ್ರು ಏನೋ ಗೀಚಿದ್ದಾರೆ. ಬಣ್ಣ ಹೋಗಿಲ್ಲ ತಾನೇ?"

"ಇಲ್ಲ, ಇಲ್ಲ. ಎಷ್ಟು ವಯಸ್ಸು ಹುಡುಗಂಗೆ?"

"ನಲವತ್ತೆರಡು" ಅಂದರು ಅಪ್ಪ, ಹಿಂದಿನ ಸೀಟಿನಿಂದ ಇಳಿಯುತ್ತಾ.