ನಾರ್ಮಲ್ ಲಾಸ್, ಅಬ್‌ನಾರ್ಮಲ್ ಲಾಸ್

ಬಿ.ಕಾಂ.ನಲ್ಲಿ ನಮಗೆ ಕಾಸ್ಟ್ ಅಕೌಂಟಿಂಗ್ ಹೇಳುತ್ತಿದ್ದ ಸರ್‌ಗೆ ಪ್ರೊಸೆಸ್ ಕಾಸ್ಟಿಂಗ್, ಅಂದರೆ ತಯಾರಿಕೆಯ ಒಂದೊಂದು ಹಂತದ ಖರ್ಚಿನ ಲೆಕ್ಕ, ಅಂದರೆ ಪ್ರಾಣ. ಬೋರ್ಡಿನ ಮೇಲೆ 'ನಾರ್ಮಲ್ ಲಾಸ್' ಅಂತ ಬರೆದು, "ಇದು ಹೋಗೋದೇ, ಹೋಗ್ಲಿ. ಹೋಗಬಾರದ್ದು ಹೋದ್ರ ಅಬ್‌ನಾರ್ಮಲ್ ಲಾಸ್. ಅದು ಎಲ್ಲಿ ಹೋಯ್ತು, ಹುಡುಕ್ರಿ" ಅನ್ನುತ್ತಿದ್ದರು. ನಾನು ಹುಡುಕುತ್ತಿದ್ದದ್ದು ಫ್ಯಾನಿನ ಕೆಳಗೆ ಒಂದು ಜಾಗ. ಕಲಬುರಗಿ ಬಿಸಿಲು ಗೊತ್ತಲ್ಲ.

ಡಿಗ್ರಿ ಮುಗಿಸಿ ಇಲ್ಲೇ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯಲು ಸೇರಿದೆ. ತೊಗರಿ ಊರಿನಲ್ಲಿ ಅದೇನು ದೊಡ್ಡ ಸುದ್ದಿ ಅಲ್ಲ. ಆರು ತಿಂಗಳು ಗಡಿಯಾರ ನೋಡಿದ್ದೇ ಜಾಸ್ತಿ.

ಒಂದು ವಾರ ಬೇಳೆ ಕಮ್ಮಿ ಬಂತು. ಕ್ವಿಂಟಲ್ ತೊಗರಿಗೆ ಸುಮಾರು 70ರಿಂದ 75 ಕಿಲೋ ಬೇಳೆ ಬರುವುದು ರೂಢಿ. ಉಳಿದದ್ದು ಹೊಟ್ಟು, ನುಚ್ಚು, ಪುಡಿ. ಅದು ದನಗಳ ಹೊಟ್ಟೆಗೆ. ಆ ವಾರ 66 ಕಿಲೋ. ಮಾಲೀಕರಿಗೆ ನನ್ನ ಕೂಡಿಕೆಯ ಮೇಲೇ ಅನುಮಾನ. ಮೂರು ಸಲ ಕೂಡಿದೆ, ಸರಿ ಇತ್ತು. ಸಿಟ್ಟಿಗೆ ಪುಸ್ತಕ ಹಿಡಿದುಕೊಂಡೇ ಮಿಲ್ಲಿನೊಳಗೆ ಹೋದೆ. ಅದೇ ಮೊದಲು!

ಅಲ್ಲಿ ವಯಸ್ಸಾದ ಮೇಸ್ತ್ರಿ ಇದ್ದರು, ಎಲ್ಲರಿಗೂ ಕಾಕಾ. ತೊಗರಿ ಜರಡಿ ಹಿಡಿದು ಸಣ್ಣದು ದೊಡ್ಡದು ಬೇರೆ ಮಾಡುವುದು, ಎಮರಿ ರೋಲರಿನಲ್ಲಿ ಸಿಪ್ಪೆಗೆ ಗೀರು ಹಾಕುವುದು, ಎಣ್ಣೆ ಸವರಿ ರಾತ್ರಿಯಿಡೀ ರಾಶಿ ಹಾಕಿ ಬಿಡುವುದು, ಆಮೇಲೆ ಅಂಗಳದಲ್ಲಿ ಒಣಗಿಸುವುದು. ಎಲ್ಲ ತೋರಿಸಿ, ಒಂದು ಕಾಳು ಕೈಗಿಟ್ಟರು.

"ಕಡದು ನೋಡು, ತಮ್ಮಾ."

ಹಲ್ಲು ಮೆತ್ತಗೆ ಒಳಗೆ ಇಳಿಯಿತು. ಹಳೇ ರಾಶಿಯಿಂದ ಇನ್ನೊಂದು ಕೊಟ್ಟರು. ಕಟ್ ಅಂತು.

"ಎರಡು ದಿನ ಮೋಡ ಇತ್ತು. ಅವಸರ ಮಾಡಿದ್ರು. ಹಸಿ ಕಾಳಿಗೆ ಸಿಪ್ಪಿ ಬಿಡಂಗಿಲ್ಲ. ಮತ್ತ ಮತ್ತ ರೋಲರಿಗೆ ಹಾಕಿದ್ರ ನುಚ್ಚೇ ಆಗ್ತದ."

ಅಬ್‌ನಾರ್ಮಲ್ ಲಾಸ್! ಪರೀಕ್ಷೆಯಲ್ಲಿ ನಾನು ತಪ್ಪು ಬರೆದಿದ್ದ ಲೆಕ್ಕ ಬಾಯಲ್ಲೇ ಇತ್ತು.

ಅವತ್ತಿನಿಂದ ಚಹಾ ಕುಡಿದು ಅಂಗಳಕ್ಕೆ ಹೋಗಿ ಕಾಳು ಕಡಿಯುವುದು ಚಟವಾಯಿತು. ಲೆಕ್ಕದ ಪುಸ್ತಕದ ಅಂಚಿನಲ್ಲಿ 'ಬಿಸಿಲು', 'ಮೋಡ' ಅಂತ ಬರೆದಿಡತೊಡಗಿದೆ. ಯಾರೂ ಕೇಳಿರಲಿಲ್ಲ, ಸುಮ್ನೆ ಮಜಾ ಬರುತ್ತಿತ್ತು. ಹಮಾಲರು ನಗುತ್ತಿದ್ದರು, "ಗುಮಾಸ್ತ ತೊಗರಿ ತಿನ್ನಾಕ ಬಂದ" ಅಂತ. ಸಂಬಳ ಏರಿದ್ದು ಎರಡು ವರ್ಷದ ಮೇಲೆ, ಬೇಗ ಅಂತೇನೂ ಹೇಳಲಾರೆ. ಆದರೆ ಅಷ್ಟರಲ್ಲೇ ಮಾಲೀಕರು ಗಂಜ್‌ನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ತೊಗರಿ ಖರೀದಿಗೆ ನನ್ನನ್ನೂ ಕರೆದೊಯ್ಯುತ್ತಿದ್ದರು. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್ (ಈ ಸೀಮೆಯದೇ ಬೆಳೆ ಅನ್ನುವ ಸರ್ಕಾರಿ ಗುರುತು) ಸಿಕ್ಕ ಮೇಲೆ ಹೊರಗಿನ ವ್ಯಾಪಾರಿಗಳಿಗೆ ಮಿಲ್ ತೋರಿಸುವ ಕೆಲಸವೂ ನನಗೇ ಬಿತ್ತು. ಈಗ ಖರೀದಿಯಿಂದ ಮೂಟೆ ಹೊಲಿಯುವವರೆಗೆ ನಾನೇ ನೋಡುತ್ತೇನೆ. ಜಿಎಸ್‌ಟಿ ರಿಟರ್ನ್ ಮಾತ್ರ ಇವತ್ತಿಗೂ ಬೇಜಾರೇ.

ಹೋದ ದೀಪಾವಳಿಗೆ ಸರ್ ಮನೆಗೆ ಐದು ಕಿಲೋ ಬೇಳೆ ಒಯ್ದಿದ್ದೆ. ಕನ್ನಡಕ ಏರಿಸಿ, ಒಂದು ಹಿಡಿ ಅಂಗೈ ಮೇಲೆ ಹರಡಿ ನೋಡಿದರು. "ಚಲೋ ಅದ" ಅಂದರು. ಆಮೇಲೆ, "ನುಚ್ಚು ಎಷ್ಟು ಹೋಯ್ತು?"