ನೋಟೋಗೆ ಗಿರಾಕಿ ಬೇಕಿತ್ತು

ಜಪಾನಿನ ಯೊಕೊಹಾಮಾದ ತ್ಸುರುಮಿಯಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ, ಸೋಜಿಜಿ ಅಂತ ಒಂದು ದೊಡ್ಡ ಝೆನ್ ಮಠ ಇದೆ. ಅದರ ಮೂಲ ಇಲ್ಲಿಯದಲ್ಲ. 1321ರಲ್ಲಿ ಅದು ಶುರುವಾಗಿದ್ದು ನೋಟೋ ಪರ್ಯಾಯದ್ವೀಪದಲ್ಲಿ, ಈಗ ವಾಜಿಮಾಗೆ ಸೇರಿರುವ ಮೊನ್ಜೆನ್‌ನಲ್ಲಿ. 1898ರಲ್ಲಿ ಬೆಂಕಿ ಬಿದ್ದು ಮಠ ಸುಟ್ಟಿತು. 1911ರಲ್ಲಿ ಮುಖ್ಯ ಮಠವನ್ನು ಇಲ್ಲಿಗೆ ತಂದರು. ಹಾಗಾಗಿ ನಮ್ಮ ಬೀದಿಯ ಹಿರಿಯರಿಗೆ ನೋಟೋ ಅಂದರೆ ದೂರದ ಊರಲ್ಲ.

ಕೆಳಗಿನ ಮನೆಯ ಅಜ್ಜಿಗಂತೂ ವಾಜಿಮಾ ತವರು. 2024ರ ಜನವರಿ 1ರ ಸಂಜೆ 4.10ಕ್ಕೆ 7.6 ತೀವ್ರತೆಯ ಭೂಕಂಪ ಆಯಿತು. ಹೊಸ ವರ್ಷದ ಹಬ್ಬಕ್ಕೆ ಮಕ್ಕಳು ಮೊಮ್ಮಕ್ಕಳೆಲ್ಲ ಊರಿಗೆ ಬಂದು ಕೂತಿದ್ದ ಹೊತ್ತು. ಅದೇ ಸಂಜೆ ವಾಜಿಮಾದ ಬೆಳಗಿನ ಸಂತೆ ನಡೆಯುವ ಬೀದಿಗೆ ಬೆಂಕಿ ಹತ್ತಿ ಇನ್ನೂರಕ್ಕೂ ಜಾಸ್ತಿ ಕಟ್ಟಡ ಬೂದಿಯಾದವು. ಸಾವಿರ ವರ್ಷದ ಇತಿಹಾಸ ಇದೆ ಎನ್ನುವ ಸಂತೆ ಅದು. ಅಜ್ಜಿ ಟೀವಿ ನೋಡುತ್ತಾ, ಸುಟ್ಟ ಸಾಲಿನಲ್ಲಿ ಯಾವ ಅಂಗಡಿ ಯಾವುದು ಅಂತ ಬೆರಳಿಟ್ಟು ಹೇಳುತ್ತಿದ್ದರು.

ಚಳಿ ಕಳೆದ ಮೇಲೆ ಬೀದಿಯ ಸಂಘದವರು ಸೇರಿ ಊಟ, ಸಂಗೀತ ಇಟ್ಟು ಹಣ ಸೇರಿಸೋಣ ಅಂದರು. ಅಡುಗೆ ಅಂದ ಕೂಡಲೇ ನಾನು ಕೈ ಎತ್ತಿಬಿಟ್ಟೆ. ಹಣ ಯಾರಿಗೆ ಅನ್ನುವುದು ಬೇಗ ತೀರ್ಮಾನವಾಯಿತು. ಇಲ್ಲಿ ದಾನದ ಹಣ ಎರಡು ಬಗೆ. ಒಂದು ನೇರವಾಗಿ ಸಂತ್ರಸ್ತರ ಕೈಗೆ ಹೋಗುವ ಗಿಯೆಂಕಿನ್. ಇನ್ನೊಂದು ಅಲ್ಲಿ ಕೆಲಸ ಮಾಡುವ ಸಂಘಗಳಿಗೆ ಹೋಗುವ ಶಿಯೆಂಕಿನ್. ಮೊದಲನೆಯದು ಹಂಚಿಕೆಯಾಗಲು ತಡವಾಗುತ್ತದೆ, ಆದರೆ ರೆಡ್ ಕ್ರಾಸ್ ಅದರಲ್ಲಿ ತನ್ನ ಖರ್ಚು ಹಿಡಿದುಕೊಳ್ಳುವುದಿಲ್ಲ. ನಾವು ಅದನ್ನೇ ಆರಿಸಿಕೊಂಡೆವು.

ಜಗಳ ಆಗಿದ್ದು ಸಾಮಾನಿನ ಪಟ್ಟಿಗೆ. ಲೆಕ್ಕ ನೋಡಿಕೊಳ್ಳುವ ಹಿರಿಯರು ಸೂಪರ್‌ಮಾರ್ಕೆಟ್ಟಿನ ಅಗ್ಗದ ಉಪ್ಪು, ಸೋಯಾ ಸಾಸ್ ಬರೆದುಕೊಂಡು ಬಂದಿದ್ದರು. ಖರ್ಚು ಕಮ್ಮಿಯಾದಷ್ಟೂ ನೋಟೋಗೆ ಜಾಸ್ತಿ ಹೋಗುತ್ತೆ ಅಲ್ವಾ, ಇದು ಅವರ ಲೆಕ್ಕ. ತಪ್ಪೇನೂ ಅಲ್ಲ. ಅಜ್ಜಿ ಒಪ್ಪಲಿಲ್ಲ. "ದುಡ್ಡು ಒಂದು ಸಲ ಕೊಡ್ತಾರೆ, ಮರೀತಾರೆ. ನಾಲಿಗೆಗೆ ಹತ್ತಿದ್ರೆ ಮತ್ತೆ ತರಿಸ್ಕೊಳ್ತಾರೆ. ನಮ್ಮೂರಿಗೆ ಈಗ ಬೇಕಾಗಿರೋದು ಗಿರಾಕಿ," ಅಂದರು. ನಾನು ಅಜ್ಜಿಯ ಕಡೆ. ಉಪ್ಪು, ಇಶಿರಿ ಎನ್ನುವ ಅಲ್ಲಿಯ ಸಾಸ್, ಅಕ್ಕಿ ಮೂರೂ ನೋಟೋದಿಂದಲೇ ಬರಬೇಕು ಅಂತ ಕೊನೆಗೆ ಆಯಿತು.

ಹೇಳಿದಷ್ಟು ಸುಲಭ ಇರಲಿಲ್ಲ. ನೋಟೋದ ತುದಿಯ ಸುಜು ಕಡೆಯ ಉಪ್ಪಿನವರು ಸಮುದ್ರದ ನೀರನ್ನು ಮರದ ಕೊಡಗಳಲ್ಲಿ ಹೊತ್ತು ತಂದು, ಮರಳಿನ ಮೇಲೆ ಎರಚಿ, ಬಿಸಿಲಿಗೆ ಒಣಗಿಸುತ್ತಾರೆ. ಆ ಉಪ್ಪುಮರಳನ್ನು ಮತ್ತೆ ನೀರಿನಲ್ಲಿ ತೊಳೆದು, ಆ ನೀರನ್ನು ಒಲೆಯ ಮೇಲೆ ಕಾಯಿಸಿದರೆ ಉಪ್ಪು. ಈಗ ಸಮುದ್ರವೇ ಹಿಂದೆ ಸರಿದಿತ್ತು. ಭೂಕಂಪಕ್ಕೆ ನೋಟೋದ ಉತ್ತರ ದಂಡೆ ಮೇಲೆದ್ದುಬಿಟ್ಟಿತ್ತು, ಕೆಲವು ಕಡೆ ನಾಲ್ಕು ಮೀಟರಿನಷ್ಟು. ಬಂದರುಗಳ ತಳ ಕಾಣಿಸಿ ದೋಣಿಗಳು ಕದಲದೆ ಕೂತಿದ್ದವು. ನಮಗೆ ಸಿಕ್ಕಿದ್ದು ಭೂಕಂಪಕ್ಕೆ ಮೊದಲೇ ಮಾಡಿಟ್ಟಿದ್ದ ಉಪ್ಪು, ಕೇಳಿದ್ದರ ಅರ್ಧದಷ್ಟು. ಪೊಟ್ಟಣಗಳ ಜೊತೆ, ತಡವಾಯಿತು ಕ್ಷಮಿಸಿ ಅಂತ ಕೈಬರಹದ ಚೀಟಿ ಬೇರೆ. ಕ್ಷಮೆ ಕೇಳುವ ಪರಿಸ್ಥಿತಿಯೇ ಅದು?

ಹಾಲ್‌ನಲ್ಲಿ ಅಡುಗೆ ಮಾಡುವುದಾದರೆ ಆರೋಗ್ಯ ಇಲಾಖೆಗೆ ಮೊದಲೇ ತಿಳಿಸಬೇಕು. ಹಸಿ ಮೀನಿನ ಆಸೆ ಬಿಟ್ಟೆವು. ಬೇಯಿಸಿದ್ದು, ಸುಟ್ಟಿದ್ದು ಮಾತ್ರ. ನನ್ನ ಪಾಲಿಗೆ ಬಂದಿದ್ದು ಕೆಂಚಿನ್‌ಜಿರು. ಮೂಲಂಗಿ, ಕ್ಯಾರೆಟ್, ಗೋಬೋ ಬೇರು ಹಾಕಿ ಮಾಡುವ ಮಠದ ಸಾರು, ಮೀನು ಮಾಂಸ ಏನೂ ಇಲ್ಲ. ತೋಫುವನ್ನು ಚಾಕುವಿನಿಂದ ಹೆಚ್ಚಬಾರದು, ಕೈಯಲ್ಲೇ ಮುರಿಯಬೇಕು. ಒರಟು ಅಂಚಾದರೆ ಸಾರು ಚೆನ್ನಾಗಿ ಹೀರುತ್ತದೆ. ತರಕಾರಿಯನ್ನು ಮೊದಲು ಎಳ್ಳೆಣ್ಣೆಯಲ್ಲಿ ಬಾಡಿಸಿ, ಆಮೇಲೆ ಕೊಂಬು ಎನ್ನುವ ಕಡಲ ಪಾಚಿ ನೆನೆಸಿದ ನೀರು. ಎಳ್ಳೆಣ್ಣೆ ಕಾದಾಗ ನನ್ನ ಕೈ ತಾನಾಗಿಯೇ ಸಾಸಿವೆ ಹುಡುಕುತ್ತಿತ್ತು. ಅಜ್ಜಿ ನೋಡುತ್ತಿದ್ದರು, ಸುಮ್ನಾದೆ.

ಪಕ್ಕದಲ್ಲೇ ಅನ್ನದ ಉಂಡೆ ಸುಡುವ ಸರಳು. ಉಂಡೆಯ ಎರಡೂ ಕಡೆ ಗರಿಯಾದ ಮೇಲೆ ಬ್ರಷ್‌ನಲ್ಲಿ ಇಶಿರಿ ಸವರಿ ಮತ್ತೆ ಕೆಂಡಕ್ಕೆ. ಇಶಿರಿ ಅಂದರೆ ಸ್ಕ್ವಿಡ್‌ನ, ನಮ್ಮ ಕರಾವಳಿಯವರ ಬೊಂಡಾಸ್‌ನ, ಕರುಳಿಗೆ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಕೊಳೆಸಿ ತೆಗೆದ ರಸ. ಬಾಟಲಿ ಬಿಚ್ಚಿದಾಗ ಮೀನು ತಿನ್ನದ ನಾನು ಬಾಗಿಲ ಹತ್ತಿರ ಹೋಗಿ ನಿಂತೆ. ಕೆಂಡಕ್ಕೆ ತಾಗಿದ್ದೇ ತಡ ವಾಸನೆ ಬೇರೆಯೇ ಆಗಿಹೋಯಿತು. ಸುಟ್ಟ ಬೆಲ್ಲದ ಹತ್ತಿರದ ಘಮ. ದಾರಿಯಲ್ಲಿ ಹೋಗುತ್ತಿದ್ದವರು ಒಳಗೆ ಬಂದಿದ್ದು ನಾವು ಅಂಟಿಸಿದ ಪೋಸ್ಟರ್ ನೋಡಿ ಅಲ್ಲ, ಇದಕ್ಕೆ. ನನ್ನ ಯಜಮಾನರು ಮೂರನೇ ಉಂಡೆಗೆ ಚೀಟಿ ಕೊಂಡಿದ್ದನ್ನು ಕಂಡೂ ಕಾಣದ ಹಾಗಿದ್ದೆ.

ಸಂಗೀತಕ್ಕೆ ಯುವಕರಿಗೆ ಒಂದು ಆಸೆ ಇತ್ತು. ವಾಜಿಮಾದ ನಬುನೆ ಹಳ್ಳಿಯಲ್ಲಿ ಗೋಜಿಂಜೋ ಅಂತ ಡೋಲು ಕುಣಿತ ಇದೆ. 1576ರಲ್ಲಿ ಉಎಸುಗಿ ಕೆನ್ಶಿನ್ ಎನ್ನುವ ದಂಡನಾಯಕನ ಸೈನ್ಯ ಬಂದಾಗ ಹಳ್ಳಿಯವರು ಮರದ ತೊಗಟೆಯ ಮುಖವಾಡ ಹಾಕಿ, ಕಡಲ ಪಾಚಿಯನ್ನೇ ಕೂದಲು ಮಾಡಿಕೊಂಡು, ಡೋಲು ಬಡಿದು ಓಡಿಸಿದರಂತೆ. ಅದನ್ನು ಬಾರಿಸೋಣ ಅಂದರು. ಅದು ನಬುನೆಯವರು ಮಾತ್ರ ಬಾರಿಸುವುದು, ನಕಲು ಬೇಡ ಅಂತ ಅಜ್ಜಿ ಖಡಾಖಂಡಿತ ಹೇಳಿದರು. ಸರಿ, ಮಕ್ಕಳು ತಮ್ಮ ಬೇಸಿಗೆ ಹಬ್ಬದ ಡೋಲನ್ನೇ ಬಾರಿಸಿದರು. ತಾಳ ಎರಡು ಕಡೆ ತಪ್ಪಿತು, ಚಪ್ಪಾಳೆ ತಪ್ಪಲಿಲ್ಲ.

ಆಮೇಲೆ ಶಾಮಿಸೆನ್ ನುಡಿಸುವ ಒಬ್ಬರ ಜೊತೆ ಅಜ್ಜಿ ಹಾಡಲು ಕೂತರು. ವಾಜಿಮಾ ಒಂದು ಕಾಲಕ್ಕೆ ಸೋಮೆನ್ ಎನ್ನುವ ಗೋಧಿ ಶಾವಿಗೆಗೆ ಹೆಸರಾದ ಊರು. ಗೋಧಿ ಬೀಸುವ ಹೆಂಗಸರು ಹಾಡುತ್ತಿದ್ದ ಹಾಡು ಅದು. ಲಯ ಎರಡು ಸುತ್ತು ಬರುವಷ್ಟರಲ್ಲಿ ನನಗೆ ಗುರುತು ಸಿಕ್ಕಿತು. ನನ್ನ ಸ್ವಂತ ಅಜ್ಜಿಯ ಬೀಸುವ ಪದವೂ ಹೀಗೇ. ಕಲ್ಲು ತಿರುಗಿಸಲು ಬೇಕಾದಷ್ಟೇ ಉಸಿರು, ಸಾಲಿನ ಕೊನೆಯಲ್ಲಿ ಒಂದು ಎಳೆತ. ನಿಮ್ಮಲ್ಲೂ ಇದೆಯಾ ಅಂತ ವಾಜಿಮಾದ ಅಜ್ಜಿ ಕೇಳಿದರು. ನೆನಪಿದ್ದಷ್ಟು ಹಾಡಿದೆ. ಶಾಮಿಸೆನ್‌ನವರು ತಡವರಿಸದೆ ಜೊತೆಗೆ ಬಂದುಬಿಟ್ಟರು.

ಸಾರಿನ ಪಾತ್ರೆ ಮಧ್ಯಾಹ್ನವೇ ಖಾಲಿ. ಸಂಜೆ ಲೆಕ್ಕ ಹಾಕಿದಾಗ, ಅಗ್ಗದ ಸಾಮಾನು ತಂದಿದ್ದರೆ ಕಳಿಸುವ ಹಣ ಇನ್ನಷ್ಟು ಇರುತ್ತಿತ್ತು ಅಂತ ಹಿರಿಯರು ಹೇಳಿಯೇ ಹೇಳಿದರು. ಅಜ್ಜಿ ಅವರ ಮುಂದೆ ಇನ್ನೊಂದು ಕಾಗದ ಇಟ್ಟರು. ಇಶಿರಿ ಮನೆಗೆ ತರಿಸಿಕೊಳ್ಳುತ್ತೇವೆ ಅಂತ ಬಂದವರು ಬರೆದ ಹೆಸರುಗಳ ಪಟ್ಟಿ, ಎರಡೂ ಮಗ್ಗುಲು ತುಂಬಿತ್ತು.

ಸೆಪ್ಟೆಂಬರ್ 21ಕ್ಕೆ ಅದೇ ವಾಜಿಮಾ, ಸುಜು ಕಡೆ ಭಾರಿ ಮಳೆ. ನದಿ ಉಕ್ಕಿ, ಭೂಕಂಪದವರಿಗೆ ಕಟ್ಟಿಕೊಟ್ಟಿದ್ದ ತಾತ್ಕಾಲಿಕ ಮನೆಗಳಿಗೂ ನೀರು ನುಗ್ಗಿತು. ನಾವು ಮತ್ತೆ ಹಾಲ್ ಬುಕ್ ಮಾಡಿದೆವು. ಮೊದಲ ಸಭೆಗೆ ಹಿರಿಯರು ಬಂದರು, ಕೈಯಲ್ಲಿ ಸೂಪರ್‌ಮಾರ್ಕೆಟ್ಟಿನ ಸೋಯಾ ಸಾಸ್ ರೇಟು. ಅಜ್ಜಿ ಕನ್ನಡಕ ತೆಗೆದು ಒರೆಸಿಕೊಂಡು, ಕುರ್ಚಿ ಮುಂದಕ್ಕೆ ಎಳೆದುಕೊಂಡರು.