ಟೆರೇಸ್ ಮೇಲೆ ಸಿಹಿಗುಂಬಳ

ಬಳ್ಳಿ ತುಂಬಾ ಹೂ ಬಿಡುತ್ತೆ, ಕಾಯಿ ಮಾತ್ರ ಕಚ್ಚಲ್ಲ ಅಂತ ಸುಮಾರು ಜನ ಕೇಳ್ತಾರೆ. ಮೊದಮೊದಲು ಬರೋದೆಲ್ಲ ಸಾಮಾನ್ಯವಾಗಿ ಗಂಡು ಹೂಗಳೇ ಕಣ್ರೀ, ಗಾಬರಿ ಬೇಡ. ಹೆಣ್ಣು ಹೂವಿನ ಬುಡದಲ್ಲಿ ಗೋಲಿ ಥರ ಪುಟ್ಟ ಕಾಯಿ ಇರುತ್ತೆ, ಅದು ಅರಳಿದ ದಿನ ಬೆಳಗ್ಗೆ ಬೇಗ ಎದ್ದು ಒಂದು ಗಂಡು ಹೂ ಕಿತ್ತು ದಳ ತೆಗೆದು ಒಳಗಿನ ಹಳದಿ ಪುಡಿನ ಹೆಣ್ಣು ಹೂವಿನ ಮಧ್ಯಕ್ಕೆ ಸವರಿಬಿಡಿ, ಯಾಕಂದ್ರೆ ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್ ಟೆರೇಸ್‌ವರೆಗೂ ಜೇನು ಹತ್ಕೊಂಡು ಬರುತ್ತೆ ಅನ್ನೋ ನಂಬಿಕೆ ನನಗಂತೂ ಇಲ್ಲ, ಮಧ್ಯಾಹ್ನದಷ್ಟೊತ್ತಿಗೆ ಹೂ ಮುದುಡೇಬಿಡುತ್ತೆ.

ಚಿಕ್ಕ ಪಾಟ್ ಸಾಲಲ್ಲ. 18 ಇಂಚಿನ ಗ್ರೋ ಬ್ಯಾಗಿಗೆ ಒಂದೇ ಬಳ್ಳಿ, ಮಣ್ಣಿಗೆ ಕೋಕೋಪೀಟು (ತೆಂಗಿನ ನಾರಿನ ಪುಡಿ), ಕೊಟ್ಟಿಗೆ ಗೊಬ್ಬರ ಸೇರಿಸಿ. ಜಾಗ ಕಮ್ಮಿ ಅಂದ್ರೆ ಪೊದೆ ಥರ ಬೆಳೆಯೋ, ಸೌತೆಕಾಯಿ ಥರ ಕಾಣೋ ಕುಂಬಳದ ಜಾತಿ ಜುಕಿನಿನೇ ವಾಸಿ. ಎಲೆ ಮೇಲೆ ಬಿಳಿ ಪುಡಿ ಚೆಲ್ಲಿದ ಹಾಗೆ ಬೂದಿ ರೋಗ ಕಂಡ್ರೆ ಆ ಎಲೆ ಕಿತ್ತು ಬೇವಿನೆಣ್ಣೆ ಸ್ಪ್ರೇ ಮಾಡಿ. ಮಿಕ್ಕಿದ ಗಂಡು ಹೂ ಬಿಸಾಡ್ಬೇಡಿ, ಬಜ್ಜಿಗೆ ಸಖತ್ತಾಗಿರುತ್ತೆ.